ಬಿಸ್ಕೆಟ್ ಬದಲು ಏನು ಕೊಡಲಿ? ದಾವಣಗೆರೆಯ ತಾಯಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮೇಡಂ, ನಾವು ದಾವಣಗೆರೆಯವರು. ನಾನೂ ನಮ್ಮ ಮನೆಯವರೂ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಗಳಿಗೆ 8 ವರ್ಷ, ಮಗನಿಗೆ ಮೂರೂವರೆ. ಹಗಲು ಹೊತ್ತು ಅತ್ತೆ ನೋಡಿಕೊಳ್ಳುತ್ತಾರೆ. ಮಗ ಊಟ ಅಂದರೆ ಬಾಯಿ ಬಿಗಿಹಿಡಿಯುತ್ತಾನೆ. ಆದರೆ ಹಾಲು ಎಷ್ಟು ಕೊಟ್ಟರೂ ಕುಡಿಯುತ್ತಾನೆ, ದಿನಕ್ಕೆ ನಾಲ್ಕೈದು ಬಾಟಲಿ. ಜೊತೆಗೆ ಗ್ಲೂಕೋಸ್ ಬಿಸ್ಕೆಟ್. ಹೋದ ತಿಂಗಳು ಜ್ವರ ಬಂದಾಗ ರಕ್ತ ಪರೀಕ್ಷೆ ಮಾಡಿಸಿದರೆ ಎಚ್‌ಬಿ (ಹಿಮೋಗ್ಲೋಬಿನ್) 9.8 ಬಂತು. ಮಗಳು ಸ್ಕೂಲಿಂದ ನಾಲ್ಕೂವರೆಗೆ ಬಂದವಳೇ ಚಿಪ್ಸ್, ಪಫ್ಸ್ ಕೇಳುತ್ತಾಳೆ, ರಾತ್ರಿ ಊಟ ಬೇಡ ಅನ್ನುತ್ತಾಳೆ. ಸ್ಕೂಲಲ್ಲಿ ಹತ್ತೂವರೆ ಬ್ರೇಕಿಗೆ ‘ಡ್ರೈ ಸ್ನ್ಯಾಕ್ಸ್’ ಮಾತ್ರ ಕಳಿಸಿ ಅಂತಾರೆ. ಈಗ ನಾನು ಮಾಮೂಲಿ ಬಿಸ್ಕೆಟ್ ಬಿಟ್ಟು ರಾಗಿ ಬಿಸ್ಕೆಟ್ ತರುತ್ತಿದ್ದೇನೆ. ಸಕ್ಕರೆ ಬದಲು ಬೆಲ್ಲ, ಹಾಲಿಗೆ ಹೆಲ್ತ್ ಡ್ರಿಂಕ್ ಪುಡಿ. ಶೇಂಗಾ ಕೊಟ್ಟರೆ ಪಿತ್ತ, ಬಾಳೆಹಣ್ಣು ಕೊಟ್ಟರೆ ಶೀತ ಅಂತ ಅತ್ತೆ ಬಿಡುವುದಿಲ್ಲ. ನಾನು ಸರಿಯಾಗಿ ಮಾಡುತ್ತಿದ್ದೇನಾ? ದಿನಾ ಕೊಡಬಹುದಾದ ತಿಂಡಿಗಳ ಒಂದು ಪಟ್ಟಿ ಕೊಡಿ.

ಉತ್ತರ: ತಿಂಡಿಗಳನ್ನೂ ಹೇಳುತ್ತೇನೆ. ಅದಕ್ಕಿಂತ ಮೊದಲು ಮಗನ ಹಾಲಿನ ವಿಷಯ ಮಾತಾಡೋಣ. ನಿಮ್ಮ ಚಿಂತೆ ಬಿಸ್ಕೆಟ್ ಮೇಲಿದೆ. ನನ್ನ ಕಣ್ಣು ಬಿದ್ದಿದ್ದು ಆ ನಾಲ್ಕೈದು ಬಾಟಲಿಯ ಮೇಲೆ.

ಒಂದು ಲೆಕ್ಕ ಹಾಕಿ. ಒಂದು ಬಾಟಲಿಗೆ 200 ರಿಂದ 250 ಮಿಲಿ ಹಿಡಿದರೆ ದಿನಕ್ಕೆ ಹತ್ತಿರ ಹತ್ತಿರ ಒಂದು ಲೀಟರ್ ಹಾಲು. ಟೋನ್ಡ್ ಹಾಲು ಅಂತಲೇ ಇಟ್ಟುಕೊಳ್ಳಿ, ಲೀಟರಿಗೆ ಸುಮಾರು 600 ಕ್ಯಾಲೊರಿ. ಪ್ರತಿ ಬಾಟಲಿಗೆ ಒಂದು ಚಮಚ ಬೆಲ್ಲದ ಪುಡಿಯೋ ಹೆಲ್ತ್ ಡ್ರಿಂಕ್ ಪುಡಿಯೋ ಬಿದ್ದರೆ ಇನ್ನೊಂದು ನೂರು. ಏಳೆಂಟು ಬಿಸ್ಕೆಟಿಗೆ ನೂರೈವತ್ತರ ಮೇಲೆ. ಒಟ್ಟು 850 ದಾಟಿತು. ಮೂರೂವರೆ ವರ್ಷದ ಮಗುವಿಗೆ ಇಡೀ ದಿನಕ್ಕೆ ಬೇಕಾಗುವುದು ಸಾವಿರದಿಂದ ಸಾವಿರದ ಇನ್ನೂರು, ಹೆಚ್ಚೆಂದರೆ ಸಾವಿರದ ಮುನ್ನೂರು ಕ್ಯಾಲೊರಿ. ಇನ್ನು ಅನ್ನ ಸಾರಿಗೆ ಹೊಟ್ಟೆಯಲ್ಲಿ ಜಾಗ ಎಲ್ಲಿದೆ? ಅವನು ಹಟ ಮಾಡುತ್ತಿಲ್ಲ, ಅವನಿಗೆ ಹಸಿವೇ ಇಲ್ಲ.

ಹೊಟ್ಟೆ ತುಂಬುತ್ತಿದೆಯಲ್ಲ, ಹಾಲು ಒಳ್ಳೆಯದೇ ಅಲ್ವಾ ಅಂತ ಕೇಳಬಹುದು. ಕ್ಯಾಲ್ಸಿಯಂಗೆ, ಪ್ರೋಟೀನಿಗೆ ಒಳ್ಳೆಯದೇ. ಆದರೆ ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಈ ವಯಸ್ಸಿನ ಮಗುವಿಗೆ ದಿನಕ್ಕೆ ಸುಮಾರು 8 ಮಿಲಿಗ್ರಾಂ ಕಬ್ಬಿಣ ಬೇಕು. ಅದು ಬರಬೇಕಾದ ಬೇಳೆ, ಕಾಳು, ಸೊಪ್ಪು, ಮೊಟ್ಟೆ ಯಾವುದೂ ಅವನ ಬಾಯಿಗೆ ಹೋಗುತ್ತಿಲ್ಲ. ಸ್ವಲ್ಪ ಹೋದರೂ ಅದರ ಜೊತೆಗೇ ಹಾಲು ಕುಡಿದರೆ ಹಾಲಿನ ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಗುಂಡುಗುಂಡಾಗಿ, ಬೆಳ್ಳಗೆ, ನೋಡಿದರೆ ಆರೋಗ್ಯವಾಗಿರುವ ಮಕ್ಕಳಲ್ಲೂ ರಕ್ತ ಕಡಿಮೆ ಇರುವುದನ್ನು ನಾವು ದಿನಾ ನೋಡುತ್ತೇವೆ. ಆ ಬಿಳಿಚಿದ ಬಣ್ಣವನ್ನೇ ಮನೆಯವರು ಚೆಂದ ಅಂದುಕೊಂಡಿರುತ್ತಾರೆ!

ಐದು ವರ್ಷದೊಳಗಿನ ಮಕ್ಕಳಿಗೆ ಎಚ್‌ಬಿ 11 ಇರಬೇಕು. 10ಕ್ಕಿಂತ ಕಡಿಮೆ ಬಂದರೆ ಮಧ್ಯಮ ಪ್ರಮಾಣದ ರಕ್ತಹೀನತೆ ಅಂತ ಲೆಕ್ಕ. ನಿಮ್ಮ ಮಗನೊಬ್ಬನೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮೂರರಲ್ಲಿ ಎರಡು ಮಕ್ಕಳಿಗೆ ರಕ್ತಹೀನತೆ ಇದೆ. ಜ್ವರ ಇದ್ದಾಗ ಎಚ್‌ಬಿ ಸ್ವಲ್ಪ ಕಡಿಮೆ ತೋರಿಸಬಹುದು ನಿಜ. ಆದರೂ ಇಷ್ಟು ಹಾಲು ಕುಡಿಯುವ ಮಗುವಿನಲ್ಲಿ 9.8 ಅನ್ನು ಜ್ವರದ ಮೇಲೆ ಹಾಕಿ ಸುಮ್ಮನಿರಬಾರದು.

ಇಲ್ಲಿ ಒಂದು ಮಾತು ನೇರವಾಗಿ ಹೇಳುತ್ತೇನೆ. ಈ ಮಟ್ಟದ ಕೊರತೆಯನ್ನು ಬರೀ ತಿಂಡಿಯಿಂದ ಸರಿ ಮಾಡಲು ಆಗುವುದಿಲ್ಲ. ಖರ್ಜೂರ, ಬೀಟ್‌ರೂಟ್, ದಾಳಿಂಬೆ ಅಂತ ತಿಂಗಳುಗಟ್ಟಲೆ ಕಾಯಬೇಡಿ. ಬೀಟ್‌ರೂಟ್ ಕೆಂಪಗಿರುವುದು ಅದರ ಬಣ್ಣದಿಂದ, ಕಬ್ಬಿಣದಿಂದ ಅಲ್ಲ. ಮಕ್ಕಳ ಡಾಕ್ಟರ ಹತ್ತಿರ ಹೋಗಿ. ತೂಕ ನೋಡಿ ಐರನ್ ಸಿರಪ್ ಬರೆಯುತ್ತಾರೆ, ಜಂತುಹುಳದ ಔಷಧಿ ಕೊಟ್ಟು ಎಷ್ಟು ದಿನವಾಯಿತು ಅಂತ ಕೇಳುತ್ತಾರೆ. ಸಿರಪ್ಪನ್ನು ಹಾಲಿನ ಜೊತೆ ಕೊಡಬೇಡಿ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಎಚ್‌ಬಿ ಏರಿತು ಅಂತ ಮಧ್ಯದಲ್ಲಿ ನಿಲ್ಲಿಸಲೂ ಬೇಡಿ, ಮೈಯಲ್ಲಿ ದಾಸ್ತಾನು ತುಂಬುವುದಕ್ಕೆ ಇನ್ನೂ ಕೆಲವು ತಿಂಗಳು ಬೇಕು. ಸರಿಯಾಗಿ ಕೊಟ್ಟರೂ ಎಚ್‌ಬಿ ಏರದಿದ್ದರೆ ವಂಶದಲ್ಲಿ ಬರುವ ರಕ್ತದ ಕಾಯಿಲೆ ತಲಸ್ಸೀಮಿಯಾದಂಥ ಬೇರೆ ಕಾರಣ ಇದೆಯಾ ಅಂತ ಡಾಕ್ಟರು ನೋಡಬೇಕಾಗುತ್ತದೆ.

ಹಾಲು ಪೂರ್ತಿ ನಿಲ್ಲಿಸಬೇಕಿಲ್ಲ. ದಿನಕ್ಕೆ ಒಟ್ಟು 400, ಹೆಚ್ಚೆಂದರೆ 500 ಮಿಲಿ ಸಾಕು, ಮೊಸರು ಮಜ್ಜಿಗೆಯೂ ಅದರಲ್ಲೇ ಸೇರಿತು. ಬಾಟಲಿ ಮಾತ್ರ ಹೋಗಲೇಬೇಕು. ಅದನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವ ಅಭ್ಯಾಸ ಇದ್ದರೆ ಮುಂದಿನ ಹಲ್ಲುಗಳ ಹಿಂಭಾಗವನ್ನು ಒಮ್ಮೆ ಬೆಳಕಲ್ಲಿ ನೋಡಿ. ಬಾಟಲಿ ಬಿಡಿಸಲು ಎರಡು ದಾರಿ ಇದೆ. ಒಂದೇ ಸಲ ಎತ್ತಿಟ್ಟುಬಿಡುವುದು: ಎರಡು ಮೂರು ದಿನ ಮನೆ ರಣರಂಗ, ಆಮೇಲೆ ಶಾಂತಿ. ಇಲ್ಲವೇ ವಾರಕ್ಕೊಂದು ಬಾಟಲಿ ಕಡಿಮೆ ಮಾಡುತ್ತ, ಉಳಿದ ಹಾಲನ್ನು ಲೋಟದಲ್ಲಿ ಕೊಡುವುದು. ಇದರಲ್ಲಿ ಗಲಾಟೆ ಕಡಿಮೆ, ಆದರೆ ಹಗಲು ನೋಡಿಕೊಳ್ಳುವವರು ಗಟ್ಟಿಯಾಗಿರಬೇಕು. ನೀವಿಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ, ಅತ್ತೆಯವರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸೊಸೆ ಹೇಳಿದರೆ ಒಂದು, ಡಾಕ್ಟರು ಎಚ್‌ಬಿ ಚೀಟಿ ತೋರಿಸಿ ಹೇಳಿದರೆ ಇನ್ನೊಂದು. ಮೊಮ್ಮಗ ಹಸಿದಿರಬಾರದು ಅಂತಲೇ ಅವರು ಹಾಲು ಕೊಡುತ್ತಿರುವುದು. ಅವರ ಕೈಗೆ ಇನ್ನೇನಾದರೂ ಕೊಡಲು ಸಿಗಬೇಕು, ಅಷ್ಟೇ.

ಇನ್ನು ನೀವು ಮಾಡಿಕೊಂಡ ಬದಲಾವಣೆಗಳು. ನಿಮಗೆ ಬೇಜಾರಾಗಬಹುದು, ಆದರೆ ಮೂರರಿಂದಲೂ ಹೆಚ್ಚೇನೂ ಉಪಯೋಗವಾಗಿಲ್ಲ.

ರಾಗಿ ಬಿಸ್ಕೆಟ್ ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದ ಪದಾರ್ಥಗಳ ಸಾಲು ಓದಿ. ಯಾವುದು ಹೆಚ್ಚು ಇದೆಯೋ ಅದನ್ನು ಮೊದಲು ಬರೆಯಬೇಕು ಅನ್ನುವುದು ನಿಯಮ. ಎಷ್ಟೋ ಪೊಟ್ಟಣಗಳಲ್ಲಿ ಮೊದಲ ಹೆಸರು ‘ರಿಫೈನ್ಡ್ ವೀಟ್ ಫ್ಲೋರ್’, ಅಂದರೆ ಮೈದಾ. ಆಮೇಲೆ ಸಕ್ಕರೆ, ಪಾಮ್ ಎಣ್ಣೆ. ರಾಗಿ ಅವೆಲ್ಲದರ ಹಿಂದೆ, ಪಕ್ಕದಲ್ಲಿ ಶೇಕಡಾ ಎಷ್ಟು ಅಂತಲೂ ಇರುತ್ತದೆ. ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್ ಅಂತ ಕಂಡರೆ ಅದೂ ಸಕ್ಕರೆಯ ಬಳಗವೇ. ಹಾಗಂತ ಬಿಸ್ಕೆಟ್ ವಿಷವೂ ಅಲ್ಲ. ನಾಲ್ಕು ಸಣ್ಣ ಗ್ಲೂಕೋಸ್ ಬಿಸ್ಕೆಟಿನಲ್ಲಿ ಒಂದು ಚಮಚದಷ್ಟು ಸಕ್ಕರೆ ಇರುತ್ತದೆ. ನೆಂಟರ ಮನೆಯಲ್ಲಿ ಎರಡು ತಿಂದ ಅಂತ ಕೈಯಿಂದ ಕಿತ್ತುಕೊಳ್ಳುವ ಅಗತ್ಯವಿಲ್ಲ. ದಿನಾ, ಹೊತ್ತು ಹೊತ್ತಿಗೆ, ಊಟದ ಬದಲು ತಿಂದಾಗ ತೊಂದರೆ. ಹಲ್ಲಿನ ಲೆಕ್ಕದಲ್ಲೂ ಅಷ್ಟೇ. ಒಂದೇ ಸಲ ತಿಂದು ಮುಗಿಸಿದ ಸಿಹಿಗಿಂತ ದಿನವಿಡೀ ಸ್ವಲ್ಪ ಸ್ವಲ್ಪ ಬಾಯಾಡಿಸಿದ ಸಿಹಿ ಜಾಸ್ತಿ ಹುಳುಕು ತರುತ್ತದೆ.

ಬೆಲ್ಲ ರುಚಿಗೆ ಚೆನ್ನ, ನನಗೂ ಇಷ್ಟ. ಆದರೆ ಅದರಲ್ಲೂ ಬಹುಪಾಲು ಸಕ್ಕರೆಯೇ. ಒಂದು ಚಮಚ ಬೆಲ್ಲದಲ್ಲಿ ಸಿಗುವ ಕಬ್ಬಿಣ ಲೆಕ್ಕಕ್ಕೆ ಬರುವಷ್ಟಿಲ್ಲ. ಶೇಂಗಾ ಉಂಡೆ ಕಟ್ಟುವುದಕ್ಕೆ ಹಾಕಿ, ಬೆಲ್ಲ ಅಂತ ಎರಡು ಚಮಚ ಹೆಚ್ಚು ಹಾಕಬೇಡಿ.

ಹೆಲ್ತ್ ಡ್ರಿಂಕ್ ಪುಡಿಯ ವಿಷಯ ಇನ್ನೂ ಚಿಕ್ಕದು. ನಮ್ಮ ದೇಶದ ಆಹಾರ ಕಾನೂನಿನಲ್ಲಿ ‘ಹೆಲ್ತ್ ಡ್ರಿಂಕ್’ ಅನ್ನುವ ವರ್ಗವೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಇಂಥ ಪೇಯಗಳನ್ನು ಆ ಹೆಸರಿನ ಕೆಳಗೆ ಇಡಬೇಡಿ ಅಂತ ಹೇಳಿದ್ದು ಇದಕ್ಕೇ. ಡಬ್ಬಿಯ ಮೇಲೆ 100 ಗ್ರಾಂಗೆ ಸಕ್ಕರೆ ಎಷ್ಟು ಅಂತ ನೋಡಿ. ಕೆಲವದರಲ್ಲಿ 30 ಗ್ರಾಂ ಮೀರಿರುತ್ತದೆ. ಇರುವ ಡಬ್ಬಿ ಮುಗಿಸಿ, ಮತ್ತೆ ತರಬೇಡಿ.

ನಿಜವಾದ ರಾಗಿಗೆ ಮಾತ್ರ ನನ್ನ ಪೂರ್ತಿ ಮತ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಹತ್ತಿರಕ್ಕೂ ಬರುವುದಿಲ್ಲ. ಹಾಲು ಕಡಿಮೆ ಮಾಡಿದರೆ ಮೂಳೆಗೆ ಏನು ಗತಿ ಅಂತ ಅತ್ತೆಯವರು ಕೇಳಿದರೆ ಇದನ್ನೇ ಹೇಳಿ. ರಾಗಿಯ ಕಬ್ಬಿಣ ಮಾತ್ರ ಸುಲಭವಾಗಿ ಮೈಗೆ ಹತ್ತುವುದಿಲ್ಲ, ಮೊಳಕೆ ಕಟ್ಟಿ ಒಣಗಿಸಿ ಪುಡಿ ಮಾಡಿದರೆ ವಾಸಿ. ಮಗನಿಗೆ ಸಂಜೆ ರಾಗಿ ಹುರಿಹಿಟ್ಟನ್ನು ಮಜ್ಜಿಗೆಯಲ್ಲೋ, ಕಿವುಚಿದ ಬಾಳೆಹಣ್ಣಿನಲ್ಲೋ ಕಲಸಿ ಕೊಡಿ. ಬಾಳೆಹಣ್ಣು ಹಾಕಿದರೆ ಬೆಲ್ಲವೂ ಬೇಡ.

ಬಾಳೆಹಣ್ಣಿಂದ ಶೀತ ಬರುವುದಿಲ್ಲ. ಶೀತ ತರುವುದು ವೈರಸ್. ಅದು ಬರುವುದು ಅಕ್ಕನ ಸ್ಕೂಲಿಂದ, ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ತರಗತಿಯಿಂದ. ಕೆಮ್ಮು ಕಫ ಇದ್ದಾಗ ಬಾಳೆಹಣ್ಣು ಗಂಟಲಲ್ಲಿ ಅಂಟಿದಂತೆ ಅನ್ನಿಸಬಹುದು. ಆ ಎರಡು ದಿನ ಬೇರೆ ಹಣ್ಣು ಕೊಡಿ, ಮನೆಯಲ್ಲಿ ಜಗಳವೂ ಇರುವುದಿಲ್ಲ.

ಶೇಂಗಾ ಪಿತ್ತ ಅನ್ನುವ ಮಾತಿಗೂ ಆಧಾರವಿಲ್ಲ. ನಿಮ್ಮ ಸೀಮೆಯಲ್ಲೇ ಬೆಳೆಯುವ ಬೆಳೆ, ತೂಕದ ಕಾಲು ಭಾಗ ಪ್ರೋಟೀನ್, ಒಳ್ಳೆಯ ಎಣ್ಣೆ. ಇದನ್ನು ಬಿಟ್ಟು ದುಬಾರಿ ಬಾದಾಮಿಗೆ ಯಾಕೆ ಹೋಗಬೇಕು? ಆದರೆ ಶೇಂಗಾದಲ್ಲಿ ನಿಜವಾದ ಅಪಾಯ ಮೂರಿವೆ, ಅವುಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಮೊದಲನೆಯದು, ಉಸಿರುನಾಳಕ್ಕೆ ಸಿಕ್ಕಿಕೊಳ್ಳುವುದು. ಚಿಕ್ಕ ಮಕ್ಕಳ ಶ್ವಾಸಕೋಶದಿಂದ ಹೊರತೆಗೆಯುವ ವಸ್ತುಗಳಲ್ಲಿ ನಮ್ಮ ದೇಶದಲ್ಲಿ ಶೇಂಗಾ ಬೀಜದ್ದೇ ಮೇಲುಗೈ. ಅರೆಯುವ ದವಡೆ ಹಲ್ಲು ಬಂದಿದ್ದರೂ ಮೂರೂವರೆ ವರ್ಷದವನಿಗೆ ಪೂರ್ತಿ ಜಗಿಯುವ ತಾಳ್ಮೆ ಇರುವುದಿಲ್ಲ, ನಗುತ್ತಾ ಓಡುತ್ತಾ ತಿನ್ನುತ್ತಾನೆ. ಐದು ವರ್ಷದವರೆಗೆ ಇಡೀ ಶೇಂಗಾ, ಇಡೀ ಪುಟಾಣಿ, ಹುರಿಗಾಳು, ಪಾಪ್‌ಕಾರ್ನ್ ಕೊಡಲೇಬೇಡಿ. ಪುಡಿ ಮಾಡಿ ಕೊಡಿ. ದ್ರಾಕ್ಷಿಯನ್ನು ಉದ್ದುದ್ದಕ್ಕೆ ನಾಲ್ಕು ಹೋಳು ಮಾಡಿ. ತಿನ್ನುವಾಗ ಕೂತೇ ತಿನ್ನಬೇಕು. ಎರಡನೆಯದು, ಬೂಷ್ಟು. ಸುಕ್ಕುಗಟ್ಟಿದ, ಕಪ್ಪಾದ, ಕಹಿಯಾದ ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಹುರಿದರೂ ಪೂರ್ತಿ ಹೋಗುವುದಿಲ್ಲ. ಆರಿಸಿ ಎಸೆಯಿರಿ. ಮೂರನೆಯದು, ಅಲರ್ಜಿ. ಎಲ್ಲರಿಗೂ ಇರುವುದಿಲ್ಲ. ಆದರೆ ತಿಂದ ಸ್ವಲ್ಪ ಹೊತ್ತಿಗೇ ತುಟಿ ಊದಿಕೊಂಡರೆ, ಮೈಮೇಲೆ ದದ್ದು ಎದ್ದರೆ, ಉಸಿರಾಟಕ್ಕೆ ಕಷ್ಟವಾದರೆ ಮನೆಮದ್ದು ಮಾಡುತ್ತ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಈಗ ಮಗಳ ವಿಷಯ. ಅವಳಿಗೆ ನಾಲ್ಕೂವರೆಗೆ ಇರುವುದು ಬಾಯಿಚಪಲ ಅಲ್ಲ, ನಿಜವಾದ ಹಸಿವು. ಮಧ್ಯಾಹ್ನದ ಡಬ್ಬಿ ತಿಂದು ನಾಲ್ಕು ಗಂಟೆ ಆಗಿರುತ್ತದೆ, ಅದರಲ್ಲಿ ಅರ್ಧ ವಾಪಸ್ಸೂ ಬಂದಿರುತ್ತದೆ. ದಿನದಲ್ಲಿ ಮಕ್ಕಳು ಅತಿ ಚೆನ್ನಾಗಿ ತಿನ್ನುವ ಹೊತ್ತು ಅದೇ. ಆ ಹೊತ್ತಿಗೆ ನಾವು ಕೊಡುವುದು ಅತಿ ಕಳಪೆ ತಿಂಡಿ. ಹಾಗಾಗಿ ನನ್ನ ಸಲಹೆ: ನಾಲ್ಕೂವರೆಗೆ ಸ್ನ್ಯಾಕ್ಸ್ ಅನ್ನುವ ಯೋಚನೆಯನ್ನೇ ಬಿಡಿ, ಊಟ ಕೊಡಿ. ಬೆಳಿಗ್ಗೆ ಮಾಡಿದ ರೊಟ್ಟಿಗೆ ಶೇಂಗಾ ಚಟ್ನಿಪುಡಿ, ಮೊಸರು. ಅನ್ನ ಸಾರಿನ ಜೊತೆ ಒಂದು ಬೇಯಿಸಿದ ಮೊಟ್ಟೆ. ಮೊಸರವಲಕ್ಕಿ. ದೋಸೆ ಹಿಟ್ಟು ಉಳಿದಿದ್ದರೆ ಕ್ಯಾರೆಟ್ ತುರಿದು ಹಾಕಿ ಪಡ್ಡು. ಹೊಟ್ಟೆ ತುಂಬಾ ತಿನ್ನಲಿ. ರಾತ್ರಿ ಎಂಟಕ್ಕೆ ಸ್ವಲ್ಪವೇ ತಿಂದರೂ ಪರವಾಗಿಲ್ಲ, ದಿನದ ಲೆಕ್ಕ ಸರಿಹೋಗಿರುತ್ತದೆ. ಅತ್ತೆಯವರಿಗೂ ಇದು ಸುಲಭ, ಹೊಸದಾಗಿ ಏನೂ ಮಾಡಬೇಕಿಲ್ಲ, ಬಿಸಿ ಮಾಡಿ ಕೊಟ್ಟರಾಯಿತು.

ದಾವಣಗೆರೆಯಲ್ಲಿದ್ದುಕೊಂಡು ಮಂಡಕ್ಕಿ ಬಿಡಿ ಅನ್ನುವ ಧೈರ್ಯ ನನಗಿಲ್ಲ, ಬಿಡಬೇಕಾಗಿಯೂ ಇಲ್ಲ. ಬರೀ ಮಂಡಕ್ಕಿ ಗಾಳಿ ತುಂಬಿದ ಅಕ್ಕಿ, ಅರ್ಧ ಗಂಟೆಗೆ ಮತ್ತೆ ಹಸಿವು. ಅದಕ್ಕೆ ಒಂದು ಹಿಡಿ ಪುಟಾಣಿ ಪುಡಿ, ಶೇಂಗಾ, ಈರುಳ್ಳಿ, ಟೊಮೆಟೊ, ಕೊತ್ತಂಬರಿ ಹಾಕಿ ಮೇಲೆ ನಿಂಬೆಹಣ್ಣು ಹಿಂಡಿದರೆ ಬೇರೆಯದೇ ತಿಂಡಿ. ಪುಟಾಣಿಯಲ್ಲಿ ಐದನೇ ಒಂದು ಭಾಗ ಪ್ರೋಟೀನ್, ಕಬ್ಬಿಣವೂ ಇದೆ. ನಿಂಬೆಯ ವಿಟಮಿನ್ ಸಿ ಆ ಕಬ್ಬಿಣ ಮೈಗೆ ಹತ್ತಲು ಸಹಾಯ ಮಾಡುತ್ತದೆ. ಹೆಸರುಕಾಳು, ಅಲಸಂದೆ, ಕಡಲೆಯ ಉಸಲಿಗೂ ಇದೇ ಮಾತು, ಕೊನೆಗೆ ನಿಂಬೆ ಮರೆಯಬೇಡಿ. ಪಕ್ಕದಲ್ಲಿ ಒಂದು ಸೀಬೆಹಣ್ಣು ಇದ್ದರೆ ಇನ್ನೂ ಒಳ್ಳೆಯದು, ಕಿತ್ತಳೆಗಿಂತ ಅದರಲ್ಲೇ ವಿಟಮಿನ್ ಸಿ ಜಾಸ್ತಿ. ಟೀ ಮಾತ್ರ ಕೊಡಬೇಡಿ. ‘ಒಂದು ಗುಟುಕು’ ಅಂತ ದೊಡ್ಡವರ ಲೋಟದಿಂದ ಶುರುವಾಗುತ್ತದೆ. ಅದು ಕಬ್ಬಿಣವನ್ನು ತಡೆಯುವುದರಲ್ಲಿ ಹಾಲನ್ನೂ ಮೀರಿಸುತ್ತದೆ.

ಸ್ಕೂಲಿನ ಡ್ರೈ ಸ್ನ್ಯಾಕ್ಸ್ ಡಬ್ಬಿಗೆ ಅವಳ ವಯಸ್ಸಿಗೆ ಶೇಂಗಾ ಉಂಡೆ, ಎಳ್ಳುಂಡೆ, ಪುಟಾಣಿ ಕೊಬ್ಬರಿ ಚೂರು, ಒಗ್ಗರಣೆ ಅವಲಕ್ಕಿ, ಚಪಾತಿಗೆ ಶೇಂಗಾ ಪುಡಿ ಸವರಿ ಸುತ್ತಿದ್ದು, ಯಾವುದಾದರೂ ನಡೆಯುತ್ತದೆ. ತರಗತಿಯಲ್ಲಿ ಯಾರಿಗಾದರೂ ಶೇಂಗಾ ಅಲರ್ಜಿ ಇದೆಯಾ ಅಂತ ಟೀಚರನ್ನು ಒಮ್ಮೆ ಕೇಳಿಕೊಳ್ಳಿ. ಬ್ರೇಕ್ ಹತ್ತೇ ನಿಮಿಷ ಇರುತ್ತದೆ, ಅದರಲ್ಲಿ ಅರ್ಧ ಮಾತಿಗೆ ಹೋಗುತ್ತದೆ. ಡಬ್ಬಿ ತುಂಬಾ ತುಂಬಬೇಡಿ.

ನಿಪ್ಪಟ್ಟು, ಕೋಡುಬಳೆ ಮನೆಯಲ್ಲಿ ಕರಿದದ್ದು ಅಂತ ದಿನಾ ಕೊಡುವವರಿದ್ದಾರೆ. ಮನೆಯದ್ದಾದರೂ ಎಣ್ಣೆ ಉಪ್ಪು ಅಷ್ಟೇ ಇರುತ್ತದೆ. ವಾರಕ್ಕೆ ಒಂದೆರಡು ಸಲ ಸಾಕು, ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಬೇಡಿ. ಪಫ್ಸ್‌ನ ಪದರಗಳು ಮೈದಾ ಮತ್ತು ಗಟ್ಟಿ ಕೊಬ್ಬಿನಿಂದ ಆದದ್ದು. 2022ರಿಂದ ಟ್ರಾನ್ಸ್ ಫ್ಯಾಟ್ ಎಂಬ ಹೃದಯಕ್ಕೆ ಕೆಟ್ಟದಾದ ಕೊಬ್ಬಿಗೆ ಶೇ. 2ರ ಮಿತಿ ಬಂದಿರುವುದು ಒಳ್ಳೆಯದಾಯಿತು. ಆದರೂ ಅದು ದಿನದ ತಿಂಡಿ ಅಲ್ಲ. ಶನಿವಾರ ಸಂಜೆ ಅಪ್ಪ ತರುವ ಪಫ್ಸ್ ಅಂತ ಒಂದು ದಿನ ಗೊತ್ತು ಮಾಡಿಬಿಡಿ. ಅವತ್ತು ಅದರ ಬಗ್ಗೆ ಯಾರೂ ಭಾಷಣ ಮಾಡಬಾರದು, ಸಂತೋಷವಾಗಿ ತಿನ್ನಲಿ. ಚಿಪ್ಸ್ ಪೊಟ್ಟಣ ಮಾತ್ರ ಮನೆಗೆ ತಂದು ಶೇಖರಿಸಿಡಬೇಡಿ. ಕಪಾಟಿನಲ್ಲಿ ಇದೆ ಅಂತ ಗೊತ್ತಿದ್ದರೆ ಎಂಟು ವರ್ಷದ ಮಗುವಿನ ಹತ್ತಿರ ದಿನಾ ವಾದ ಮಾಡಬೇಕಾಗುತ್ತದೆ, ಮತ್ತು ನೀವು ಸೋಲುತ್ತೀರಿ.

ಶುರುವಿನಲ್ಲಿ ಇಬ್ಬರೂ ಮುಖ ತಿರುಗಿಸುತ್ತಾರೆ. ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಹೇಳಿಕೊಟ್ಟ ಒಂದು ಸರಳ ನಿಯಮ ನಮ್ಮ ಕೆಲಸದಲ್ಲಿ ತುಂಬಾ ಉಪಯೋಗಕ್ಕೆ ಬಂದಿದೆ. ಏನು ಕೊಡಬೇಕು, ಯಾವಾಗ, ಎಲ್ಲಿ ಕೂತು ತಿನ್ನಬೇಕು ಅನ್ನುವುದು ದೊಡ್ಡವರ ತೀರ್ಮಾನ. ತಿನ್ನುವುದೋ ಬೇಡವೋ, ಎಷ್ಟು ತಿನ್ನುವುದು ಅನ್ನುವುದು ಮಗುವಿನದು. ಎರಡನೇ ಭಾಗ ನಮ್ಮವರಿಗೆ ಬಹಳ ಕಷ್ಟ. ತುತ್ತು ಹಿಡಿದು ಓಣಿ ತುಂಬಾ ಓಡಾಡುವ ಅಜ್ಜಿಯರು, ಮೊಬೈಲ್ ತೋರಿಸಿ ಬಾಯಿಗೆ ತುರುಕುವ ಅಪ್ಪಂದಿರು ಎಲ್ಲ ಕಡೆ ಇದ್ದಾರೆ. ಮಗ ಎರಡು ತುತ್ತಿಗೆ ಎದ್ದರೆ ತಟ್ಟೆ ತೆಗೆದುಬಿಡಿ, ಆದರೆ ಹತ್ತು ನಿಮಿಷ ಬಿಟ್ಟು ಹಾಲು ಬಿಸ್ಕೆಟ್ ಬರಬಾರದು. ಮುಂದಿನ ಹೊತ್ತು ಎರಡೂವರೆ ಮೂರು ಗಂಟೆಯ ಮೇಲೆ. ಮಧ್ಯದಲ್ಲಿ ನೀರು ಮಾತ್ರ. ಹೊಸ ತಿಂಡಿಯನ್ನು ಹತ್ತು ಹದಿನೈದು ಸಲ ತಟ್ಟೆಯಲ್ಲಿ ನೋಡಿದ ಮೇಲೆ ಬಾಯಿಗೆ ಹಾಕುವ ಮಕ್ಕಳೂ ಇರುತ್ತಾರೆ. ಎರಡು ಸಲ ಉಗುಳಿದ ಅಂತ ‘ಇವನಿಗೆ ಇಷ್ಟವಿಲ್ಲ’ ಅಂತ ಬರೆದಿಟ್ಟುಬಿಡಬೇಡಿ. ತೂಕ ಇಳಿಯುತ್ತಿದ್ದರೆ, ಸುಸ್ತಾಗಿ ಮಲಗಿರುತ್ತಿದ್ದರೆ, ಮಣ್ಣು ಬಳಪ ತಿನ್ನುತ್ತಿದ್ದರೆ ಮಾತ್ರ ಈ ನಿಯಮ ನೋಡುತ್ತ ಕೂರದೆ ಡಾಕ್ಟರಿಗೆ ತೋರಿಸಿ.

ಸ್ಕೂಲ್ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿ ಮಾರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2020ರಿಂದ ಇದೆ. ಪಾಲನೆ ಎಷ್ಟಾಗಿದೆ ಅಂತ ನಿಮ್ಮ ಸ್ಕೂಲಿನ ಮುಂದೆಯೇ ನೋಡಬಹುದು. ಪೋಷಕರ ಸಭೆಯಲ್ಲಿ ಎತ್ತಬಹುದಾದ ವಿಷಯ. ಇನ್ನು ದುಗ್ಗಮ್ಮನ ಜಾತ್ರೆಗೆ ಹೋದಾಗ ಮಕ್ಕಳು ಬೊಂಬಾಯಿ ಮಿಠಾಯಿ, ಗೋಬಿ ಕೇಳದೆ ಇರುತ್ತಾರಾ? 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಇವೆರಡಕ್ಕೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದೆ. ಪರೀಕ್ಷೆಯಲ್ಲಿ ಸಿಕ್ಕಿದ್ದ ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ. ಗುಲಾಬಿ ಮಿಠಾಯಿ ಬಿಟ್ಟು ಬಿಳಿಯದು ಕೊಡಿಸಿ, ಗೋಬಿ ಕಣ್ಣು ಕುಕ್ಕುವಷ್ಟು ಕೆಂಪಗಿದ್ದರೆ ಮುಂದಿನ ಗಾಡಿಗೆ ಹೋಗಿ.